ಕಾಲೇಜಿನ ಇಳುವರಿ ಅಳೆಯುವುದು ಹೇಗೆ?

ಸಕ್ಕರೆ ಕಾರ್ಖಾನೆಗೆ ಬಂದ ಕಬ್ಬನ್ನು ತೂಗುತ್ತಾರೆ. ಅರೆದ ಮೇಲೆ ನೂರು ಕಿಲೋ ಕಬ್ಬಿಗೆ ಎಷ್ಟು ಸಕ್ಕರೆ ಬಂತೆಂದು ಇಳುವರಿ ಹೇಳುತ್ತಾರೆ. ಮಂಡ್ಯದ ಮಕ್ಕಳಿಗೆ ಇದು ಹೊಸ ಮಾತಲ್ಲ. ಆದರೆ ಕಾಲೇಜಿನ ಇಳುವರಿಯನ್ನು ಅಳೆಯುವುದು ಹೇಗೆ?

ಮೈಸೂರು ವಿಶ್ವವಿದ್ಯಾನಿಲಯ 1916ರಲ್ಲಿ ಸ್ಥಾಪನೆಯಾಯಿತು. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಸರ್ಕಾರ ನ್ಯಾಯಮೂರ್ತಿ ಲೆಸ್ಲಿ ಮಿಲ್ಲರ್ ಅವರ ಸಮಿತಿಯನ್ನು ನೇಮಿಸಿತು. ಸರ್ಕಾರಿ ಹುದ್ದೆಗಳಲ್ಲಿ ಹಿಂದುಳಿದ ಸಮುದಾಯಗಳವರು ಏಕಿಷ್ಟು ವಿರಳ ಎಂಬ ಪ್ರಶ್ನೆ ಸಮಿತಿಯನ್ನು ಶಿಕ್ಷಣದ ಬಾಗಿಲಿಗೇ ತಂದಿತು. ವಿದ್ಯಾರ್ಥಿವೇತನ ಬೇಕು, ಹುದ್ದೆಗಳಲ್ಲಿ ಪಾಲು ಬೇಕು ಎಂದು ಅದು ಶಿಫಾರಸು ಮಾಡಿತು. ಯೋಗ್ಯತೆಯೇ ಅಳತೆಗೋಲಾಗಬೇಕೆಂಬ ದಿವಾನ್ ವಿಶ್ವೇಶ್ವರಯ್ಯನವರಿಗೆ ಇದು ಒಪ್ಪಿಗೆಯಾಗಲಿಲ್ಲ. ಒಂದು ಅಳತೆಗೋಲು ಗೆದ್ದವರನ್ನು ಎಣಿಸಿತು. ಇನ್ನೊಂದು, ಬಾಗಿಲಿಗೂ ಬಾರದವರನ್ನು.

ಸ್ವಾರಸ್ಯವೆಂದರೆ, ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆ ಇಬ್ಬರಿಗೂ ಋಣಿ. ವಿಶ್ವೇಶ್ವರಯ್ಯನವರ ಹೆಸರಿನ ನಾಲೆ ಹೊಲಗಳಿಗೆ ನೀರು ತಂದಿತು. ಮಿಲ್ಲರ್ ವರದಿ ರೈತರ ಮಕ್ಕಳಿಗೆ ದಾರಿ ತೋರಿತು. 1962ರಲ್ಲಿ ಕೆ.ವಿ. ಶಂಕರಗೌಡರು ಮಂಡ್ಯದಲ್ಲಿ ಪಿ.ಇ.ಎಸ್. ಇಂಜಿನಿಯರಿಂಗ್ ಕಾಲೇಜು ಕಟ್ಟಿದರು. ಮದ್ದೂರು ತಾಲ್ಲೂಕಿನ ಕೆ.ಎಂ. ದೊಡ್ಡಿಯಲ್ಲಿ ಜಿ. ಮಾದೇಗೌಡರು ಭಾರತಿ ವಿದ್ಯಾಸಂಸ್ಥೆ ಬೆಳೆಸಿದರು. ಕಾಲೇಜು ಹತ್ತಿರ ಬಂದಾಗ, ಊರು ಬಿಟ್ಟು ಓದಲು ಶಕ್ತಿಯಿಲ್ಲದ ಮನೆಗಳ ಮಕ್ಕಳೂ ಒಳಗೆ ಬಂದರು.

ಬೆಂಗಳೂರಿನಲ್ಲಿ 1994ರಲ್ಲಿ ಆರಂಭವಾದ ‘ನ್ಯಾಕ್’ ಕಾಲೇಜುಗಳಿಗೆ ಶ್ರೇಣಿ ಕೊಡುತ್ತದೆ. 2019ರಲ್ಲಿ ಮಂಡ್ಯದ ಸರ್ಕಾರಿ ಸ್ವಾಯತ್ತ ಕಾಲೇಜು ವಿಶ್ವವಿದ್ಯಾನಿಲಯವಾಯಿತು. 2025ರ ಫೆಬ್ರವರಿಯಲ್ಲಿ ಅದೂ ಸೇರಿ 9 ಹೊಸ ವಿಶ್ವವಿದ್ಯಾನಿಲಯಗಳನ್ನು ಮುಚ್ಚುವ ವಿಚಾರವನ್ನು ಸಚಿವ ಸಂಪುಟದ ಉಪಸಮಿತಿ ಮುಂದಿಟ್ಟಿತು. ಹಣವಿಲ್ಲ, ಜಾಗವಿಲ್ಲ, ಸಿಬ್ಬಂದಿಯಿಲ್ಲ ಎಂಬುದು ಕಾರಣ. ಅವು ನಿಜವಾದ ಕೊರತೆಗಳೇ. ಬೋಧಕರಿಲ್ಲದ ವಿಶ್ವವಿದ್ಯಾನಿಲಯದಿಂದ ಕೇವಲ ಹೆಸರಿನ ಲಾಭ. ಆದರೆ ಮುಚ್ಚಿದರೆ ಯಾರ ಓದು ನಿಲ್ಲುತ್ತದೆಂಬ ಲೆಕ್ಕವೂ ಅದೇ ಹಾಳೆಯ ಮೇಲಿರಬೇಕಲ್ಲವೇ?

ವಿಜ್ಞಾನದ ಒಂದು ಸರಳ ನಿಯಮ ಇಲ್ಲಿ ನೆರವಾಗುತ್ತದೆ: ಕೊನೆಯ ಅಳತೆಯೊಂದೇ ಸಾಲದು, ಮೊದಲಿನದೂ ಬೇಕು. ಬರಗಾಲದ ಕಬ್ಬನ್ನೂ ನಾಲೆಯಂಚಿನ ಕಬ್ಬನ್ನೂ ಒಂದೇ ಎಂದು ಬಗೆದು ಕಾರ್ಖಾನೆಯನ್ನು ದೂರಬಾರದು. ಶೇಕಡಾ 90 ಅಂಕದವರನ್ನೇ ಆರಿಸಿಕೊಂಡು ಅಷ್ಟೇ ಅಂಕ ಕೊಡಿಸುವ ಕಾಲೇಜಿಗಿಂತ, ಮನೆಯಲ್ಲಿ ಮೊದಲ ಬಾರಿ ಕಾಲೇಜು ಕಂಡವಳನ್ನು ಪದವೀಧರೆಯಾಗಿಸುವ ಕಾಲೇಜಿನ ಕೆಲಸ ಹಿರಿದಾಗಿರಬಹುದು.

ನಿಮ್ಮ ಕಾಲೇಜನ್ನೇ ಅಳೆದು ನೋಡಿ. ಯಾರು ಸೇರಿದರು? ಯಾರು ನಡುವೆ ಬಿಟ್ಟರು, ಏಕೆ? ಮುಗಿಸಿದವರು ಎಲ್ಲಿಗೆ ಹೋದರು? ಈ ಮೂರು ಲೆಕ್ಕ ಸಿಗದ ಕಡೆ ಶ್ರೇಣಿಯನ್ನಷ್ಟೇ ನಂಬಬೇಡಿ.