ಹಳೇ ಕಂಪ್ಯೂಟರ್ ಆನ್ ಆಗ್ತಿಲ್ವಾ? ಮೊದಲು ಇದನ್ನು ನೋಡಿ

ಅಂಗಡಿಯ ಹಳೇ ಕಂಪ್ಯೂಟರ್ ‘ಎಫ್1 ಒತ್ತಿ’ ಅಂತ ಇಂಗ್ಲಿಷಿನಲ್ಲಿ ತೋರಿಸಿ ನಿಂತುಬಿಡುತ್ತಿದೆಯೇ? ತಾರೀಖೂ ಹಳೇ ವರ್ಷದ್ದೇ ಬರುತ್ತಿದ್ದರೆ ಮದರ್‌ಬೋರ್ಡ್ ಸೆಲ್ ಮುಗಿದಿದೆ ಎಂದೇ ಲೆಕ್ಕ. ಹೆಚ್ಚಿನವುಗಳಲ್ಲಿ ಇರುವುದು ನಾಣ್ಯದಂಥ 3 ವೋಲ್ಟ್‌ನ ಸಿಆರ್2032. ಪ್ಲಗ್ ಕಿತ್ತು, ಹಳೆಯದು ಇದ್ದ ದಿಕ್ಕಿನಲ್ಲೇ ಹೊಸದನ್ನು ಕೂರಿಸಿ. ತಾರೀಖು ಸರಿಮಾಡದೆ ಬಿಲ್ ಹಾಕಬೇಡಿ, ಆಮೇಲೆ ಜಿಎಸ್‌ಟಿ ಲೆಕ್ಕದಲ್ಲಿ ತಲೆನೋವು.

ಪರದೆಯೇ ಬರದೆ ಬೀಪ್ ಬೀಪ್ ಅಂದರೆ ಬಹುತೇಕ ರ‍್ಯಾಮ್ ತಕರಾರು. ಅದನ್ನು ತೆಗೆದು, ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರ್‌ನಿಂದ ಮೆಲ್ಲಗೆ ಉಜ್ಜಿ, ಮತ್ತೆ ಗಟ್ಟಿಯಾಗಿ ಕೂರಿಸಿ.

ಹಾರ್ಡ್‌ಡಿಸ್ಕ್ ಟಕ್ ಟಕ್ ಅಂದರೆ ಮಾತ್ರ ಆಟ ಬೇಡ. ಪದೇಪದೇ ಆನ್ ಮಾಡಿದರೆ ಸ್ಟಾಕು, ಸಾಲದ ಲೆಕ್ಕ ಎಲ್ಲಾ ಹೋಗಬಹುದು. ಆಫ್ ಮಾಡಿ, ಡೇಟಾ ತೆಗೆಯಲು ಬಲ್ಲವರ ಕೈಗೆ ಕೊಡಿ. ಎಸ್‌ಎಂಪಿಎಸ್ ಡಬ್ಬಿ ಬಿಚ್ಚಲೇಬೇಡಿ. ಪ್ಲಗ್ ಕಿತ್ತರೂ ಒಳಗೆ ಶಾಕ್ ಹೊಡೆಯುವಷ್ಟು ಕರೆಂಟ್ ಉಳಿದಿರಬಹುದು.