ಬೆಚ್ಚಗಿನ ಬೆಳಗನ್ನು ನಂಬಿದವರು

ನಾನು ಒಮಾಹಾಕ್ಕೆ ಬಂದ ಮೊದಲ ಚಳಿಗಾಲ. ಜನವರಿಯಲ್ಲಿ ಒಂದು ದಿನ ಹಿತವಾದ ಬಿಸಿಲು ಬಿತ್ತು. ಖುಷಿಯಾಗಿ ಬರೀ ಸ್ವೆಟರಿನಲ್ಲಿ ಹೊರಟೆ. ಪಕ್ಕದ ಮನೆಯ ಅಜ್ಜ ತಡೆದು, "ಈ ತಿಂಗಳಲ್ಲಿ ದಕ್ಷಿಣದ ಗಾಳಿ ನಂಬಬೇಡ, ಕೋಟು ತಗೊಂಡು ಹೋಗು" ಅಂದರು. ಯಾಕಪ್ಪಾ ಅಂತ ಹುಡುಕುತ್ತಾ ಹೋದಾಗ ಸಿಕ್ಕಿದ್ದು 1888ರ ಜನವರಿ 12ರ ಕತೆ.

ಅವತ್ತೂ ನೆಬ್ರಾಸ್ಕಾ, ಡಕೋಟಾ ಬಯಲಿನಲ್ಲಿ ಹೀಗೇ ಬೆಚ್ಚಗಿನ ಬೆಳಗು. ಹಲವು ದಿನ ಕೊರೆದ ಚಳಿ ಬಿಟ್ಟಿತು ಅಂತ ಎಷ್ಟೋ ಮಕ್ಕಳು ತೆಳು ಬಟ್ಟೆಯಲ್ಲೇ ಶಾಲೆಗೆ ಹೋದರು. ರೈತರು ದನಗಳನ್ನು ಹೊರಗೆ ಬಿಟ್ಟರು.

ಆ ಬಿಸುಪು ಬಿರುಗಾಳಿಯದೇ ಒಂದು ಭಾಗವಾಗಿತ್ತು ನೋಡಿ. ರಾಕಿ ಪರ್ವತಗಳ ಪೂರ್ವದ ಮಗ್ಗುಲಲ್ಲಿ ವಾಯುಭಾರ ಕುಸಿತ ಉಂಟಾದರೆ ಅದರ ಸುತ್ತ ಗಾಳಿ ಅಪ್ರದಕ್ಷಿಣೆಯಾಗಿ ಸುತ್ತುತ್ತೆ. ಸುಳಿಯ ಮುಂದೆ ಮೆಕ್ಸಿಕೋ ಕೊಲ್ಲಿಯ ಕಡೆಯಿಂದ ಬೆಚ್ಚಗಿನ ತೇವದ ಗಾಳಿ ಬರುತ್ತೆ, ಹಿಂದೆ ಕೆನಡಾದ ಥಂಡಿ ಗಾಳಿ ನುಗ್ಗುತ್ತೆ. ಭಾರದ ಥಂಡಿ ಗಾಳಿಯ ಮೇಲೆ ಹಗುರ ಗಾಳಿ ಏರಿ, ತಣಿದು, ಅದರ ತೇವ ಕೆಳಗೆ ಬೀಳುತ್ತೆ. ಸಾಮಾನ್ಯವಾಗಿ ಸುಳಿಯ ದಕ್ಷಿಣಕ್ಕೆ ಮಳೆ, ಉತ್ತರಕ್ಕೆ ಹಿಮ. ಉತ್ತರದ ಚಳಿ ತಡೆಯೋಕೆ ಭಾರತಕ್ಕೆ ಹಿಮಾಲಯವಿದೆ. ಇಲ್ಲಿ ಅಡ್ಡಕ್ಕೆ ಒಂದು ಗುಡ್ಡವೂ ಇಲ್ಲ!

ಥಂಡಿ ಗಾಳಿ ಬಂದಪ್ಪಳಿಸಿದಾಗ ಎಷ್ಟೋ ಕಡೆ ಮಕ್ಕಳು ಶಾಲೆಯಲ್ಲಿದ್ದರು, ಇಲ್ಲವೇ ಮನೆಗೆ ಹೊರಟಿದ್ದರು. ಹಿಮ ಮೈದಾ ಹಿಟ್ಟಿನಷ್ಟು ನುಣುಪು, ಕಣ್ಣು ಬಿಡೋಕಾಗದು. ಮನೆ ಹತ್ತಿರವೇ ದಾರಿ ತಪ್ಪಿ ಹೆಪ್ಪುಗಟ್ಟಿದವರಿದ್ದರು. ನೆಬ್ರಾಸ್ಕಾದ ಮಿರಾ ವ್ಯಾಲಿಯಲ್ಲಿ ಶಾಲೆಯ ಚಾವಣಿ ಹಾರಿಹೋದಾಗ, ಮಿನ್ನಿ ಫ್ರೀಮನ್ ಎಂಬ ಎಳೆ ವಯಸ್ಸಿನ ಟೀಚರ್ ಮಕ್ಕಳನ್ನೆಲ್ಲ ಒಂದು ರೈತರ ಮನೆಗೆ ಮುಟ್ಟಿಸಿದಳು. ಎಲ್ಲರಿಗೂ ಆ ಅದೃಷ್ಟವಿರಲಿಲ್ಲ. ಸತ್ತವರು 235 ಅಂತ ಅಂದಾಜು, ಅವರಲ್ಲಿ ಬಹಳ ಮಂದಿ ಮಕ್ಕಳು. ಅದಕ್ಕೇ ಇದಕ್ಕೆ 'ಮಕ್ಕಳ ಬ್ಲಿಝರ್ಡ್' ಅನ್ನೋ ಹೆಸರು.

ಮುನ್ಸೂಚನೆ ಇರಲಿಲ್ಲವೇ? ಇತ್ತು. ಆಗ ಹವಾಮಾನದ ಕೆಲಸ ಸೈನ್ಯದ ಸಿಗ್ನಲ್ ಕೋರ್‌ನದು. ಸೇಂಟ್ ಪಾಲ್‌ನಲ್ಲಿದ್ದ ಲೆಫ್ಟಿನೆಂಟ್ ಥಾಮಸ್ ವುಡ್ರಫ್ ಶೀತದ ಅಲೆಯ ಎಚ್ಚರಿಕೆ ಕೊಟ್ಟಿದ್ದ. ಅದು ಟೆಲಿಗ್ರಾಫಿನಲ್ಲಿ ಊರೂರಿಗೆ ಹೋಗಿ, ನಡುವೆ ಕಪ್ಪು ಚೌಕವಿರುವ ಬಿಳಿ ಬಾವುಟವಾಗಿ ಏರಬೇಕು. ಮೈಲಿಗಟ್ಟಲೆ ದೂರದ ಮಣ್ಣಿನ ಮನೆಯವರಿಗೆ ಆ ಬಾವುಟ ಕಾಣೋದು ಹೇಗೆ? 1891ರಲ್ಲಿ ಹವಾಮಾನ ಇಲಾಖೆ ಸೈನ್ಯದ ಕೈಬಿಟ್ಟು ಕೃಷಿ ಇಲಾಖೆಗೆ ಸೇರಿತು.

ಈಗ ಆ ಎಚ್ಚರಿಕೆ ನನ್ನ ಮೊಬೈಲಿಗೇ ಬರುತ್ತೆ. ಆದರೂ ಜನವರಿಯ ಬಿಸಿಲು ಕಂಡರೆ ಅಜ್ಜನ ಮಾತು ನೆನಪಾಗಿ ಕೋಟು ಎತ್ತಿಕೊಳ್ಳುತ್ತೇನೆ.