ದ್ವಿಚಕ್ರ ವಾಹನದ ಗಾಲಿ ಬೇರಿಂಗ್ ಪದೇ ಪದೇ ಕೆಡುವುದು: ಕಾರಣಗಳ ಪತ್ತೆ ಮತ್ತು ನಿರ್ವಹಣೆ

ಪೀಠಿಕೆ

ಬೆಂಗಳೂರಿನ ಪೂರ್ವಕ್ಕಿರುವ ಕೃಷ್ಣರಾಜಪುರ, ಹೊಸಕೋಟೆ ಹಾಗೂ ಸುತ್ತಲಿನ ಗ್ರಾಮಗಳ ಅನೇಕ ರೈತರು ಸೊಪ್ಪು, ತರಕಾರಿ, ಹೂವು ಮತ್ತು ಹಾಲಿನ ಸಾಗಣೆಗೆ ಮೋಟಾರ್ ಸೈಕಲ್ ಮತ್ತು ಮೊಪೆಡ್‌ಗಳನ್ನು ಅವಲಂಬಿಸಿದ್ದಾರೆ. ಹಳೆ ಮದ್ರಾಸ್ ರಸ್ತೆಯಲ್ಲಿ ಇಂದಿರಾನಗರ, ಹಲಸೂರು ಮಾರ್ಗವಾಗಿ ನಸುಕಿನಲ್ಲೇ ಶಿವಾಜಿನಗರದ ರಸೆಲ್ ಮಾರುಕಟ್ಟೆಯನ್ನು ತಲುಪಬೇಕಾದ ವಾಹನವು ನಡುದಾರಿಯಲ್ಲಿ ನಿಂತರೆ ಆ ದಿನದ ಸೊಪ್ಪು ಬಾಡುತ್ತದೆ, ಹೂವಿಗೆ ಬೆಲೆ ಸಿಗುವುದಿಲ್ಲ. ಬೇರಿಂಗ್ ಪೂರ್ಣವಾಗಿ ಒಡೆದರೆ ಗಾಲಿಯು ಓಲಾಡಿ ಅಥವಾ ಹಠಾತ್ತನೆ ಬಿಗಿದು ಸವಾರನ ಪ್ರಾಣಕ್ಕೂ ಅಪಾಯ ಒದಗಬಹುದು.

ಸರಿಯಾಗಿ ಅಳವಡಿಸಿದ ಗಾಲಿ ಬೇರಿಂಗ್ ಸಾಮಾನ್ಯ ಬಳಕೆಯಲ್ಲಿ ಹಲವು ಸಾವಿರ ಕಿಲೋಮೀಟರುಗಳವರೆಗೆ ತೊಂದರೆ ಕೊಡದೆ ಬಾಳುತ್ತದೆ. ಒಂದೇ ಗಾಲಿಯ ಬೇರಿಂಗ್ ಕೆಲವೇ ತಿಂಗಳುಗಳಲ್ಲಿ ಎರಡನೆಯ ಬಾರಿ ಕೆಟ್ಟಿದ್ದರೆ ದೋಷವು ಬಹುತೇಕ ಬೇರಿಂಗ್‌ನಲ್ಲಿ ಇರುವುದಿಲ್ಲ. ಅದರ ಸುತ್ತಲಿನ ಭಾಗಗಳಲ್ಲಿ, ಹೊರೆಯಲ್ಲಿ ಅಥವಾ ಅಳವಡಿಸಿದ ಕ್ರಮದಲ್ಲಿ ಇರುತ್ತದೆ. ಆದ್ದರಿಂದ ಮೂರನೆಯ ಬೇರಿಂಗ್ ಹಾಕಿಸುವ ಮುನ್ನ ಕಾರಣವನ್ನು ಪತ್ತೆಹಚ್ಚುವುದು ಅತ್ಯಗತ್ಯ.

ಬೇರಿಂಗ್‌ನ ರಚನೆ ಮತ್ತು ಗುರುತಿನ ಸಂಖ್ಯೆ

ಗಾಲಿ ಬೇರಿಂಗ್‌ನಲ್ಲಿ ಎರಡು ಉಕ್ಕಿನ ಬಳೆಗಳು, ಅಂದರೆ ಒಳ ರೇಸ್ ಮತ್ತು ಹೊರ ರೇಸ್, ಅವುಗಳ ನಡುವೆ ಗುಂಡುಗಳು ಹಾಗೂ ಗುಂಡುಗಳನ್ನು ಸಮ ಅಂತರದಲ್ಲಿ ಹಿಡಿದಿಡುವ ಕೇಜ್ ಇರುತ್ತವೆ. ಹೊರ ರೇಸ್ ಗಾಲಿಯ ಹಬ್‌ನಲ್ಲಿ ಬಿಗಿಯಾಗಿ ಕೂರುತ್ತದೆ; ಒಳ ರೇಸ್‌ನ ಮೂಲಕ ಆಕ್ಸಲ್ ಹಾದುಹೋಗುತ್ತದೆ.

ಬೇರಿಂಗ್ ಮೇಲೆ ಕೆತ್ತಿರುವ ಸಂಖ್ಯೆಯ ಕೊನೆಯ ಎರಡು ಅಂಕಿಗಳು ಒಳರಂಧ್ರದ ಅಳತೆಯನ್ನು ಸೂಚಿಸುತ್ತವೆ: 00 ಎಂದರೆ 10 ಮಿ.ಮೀ., 01 ಎಂದರೆ 12, 02 ಎಂದರೆ 15, 03 ಎಂದರೆ 17 ಮಿ.ಮೀ. 04 ಮತ್ತು ಮೇಲಿನ ಅಂಕಿಗಳನ್ನು 5ರಿಂದ ಗುಣಿಸಬೇಕು. ದ್ವಿಚಕ್ರ ವಾಹನಗಳಲ್ಲಿ ಬಳಕೆಯಲ್ಲಿರುವ ಕೆಲವು ಅಳತೆಗಳು ಹೀಗಿವೆ (ಒಳವ್ಯಾಸ, ಹೊರವ್ಯಾಸ, ಅಗಲ, ಮಿ.ಮೀ.ಗಳಲ್ಲಿ):

- 6301: 12, 37, 12
- 6202: 15, 35, 11
- 6302: 15, 42, 13
- 6203: 17, 40, 12

ಸಂಖ್ಯೆಯ ನಂತರ ಬರುವ ‘2ಆರ್‌ಎಸ್’ ಎಂಬುದು ಎರಡೂ ಬದಿಗಳಲ್ಲಿ ರಬ್ಬರ್ ಸೀಲ್ ಇರುವುದನ್ನೂ, ‘ಝಡ್‌ಝಡ್’ ಎಂಬುದು ಲೋಹದ ಮುಚ್ಚಳ ಇರುವುದನ್ನೂ ಸೂಚಿಸುತ್ತದೆ. ಲೋಹದ ಮುಚ್ಚಳವು ಧೂಳನ್ನು ತಡೆಯುತ್ತದೆಯಾದರೂ ನೀರನ್ನು ರಬ್ಬರ್ ಸೀಲಿನಷ್ಟು ತಡೆಯುವುದಿಲ್ಲ. ‘ಸಿ3’ ಎಂದಿದ್ದರೆ ಒಳಗಿನ ಸಡಿಲವು ಸಾಮಾನ್ಯಕ್ಕಿಂತ ಸ್ವಲ್ಪ ಹೆಚ್ಚಿರುತ್ತದೆ. ವಾಹನದ ಕೈಪಿಡಿಯಲ್ಲಿ ಸೂಚಿಸಿದ ಸಂಖ್ಯೆಯ ಬೇರಿಂಗನ್ನೇ ಬಳಸಬೇಕು.

ಲಕ್ಷಣಗಳು ಮತ್ತು ಪರೀಕ್ಷಾ ವಿಧಾನ

ಆರಂಭದಲ್ಲಿ ವೇಗ ಹೆಚ್ಚಿದಂತೆ ಏರುವ ಗುಂಯ್‌ಗುಡುವ ಸದ್ದು, ತಿರುವುಗಳಲ್ಲಿ ಹಿಂಭಾಗ ತೇಲಿದಂತಾಗುವುದು, ಚೈನ್ ಪಕ್ಕಕ್ಕೆ ಉಜ್ಜುವುದು ಮತ್ತು ಟೈರ್ ಒಂದೇ ಬದಿ ಸವೆಯುವುದು ಕಂಡುಬರುತ್ತವೆ. ಈ ಹಂತದಲ್ಲೇ ಕೆಳಗಿನ ಪರೀಕ್ಷೆಗಳನ್ನು ಕೈಗೊಳ್ಳಬೇಕು.

1. ವಾಹನವನ್ನು ಸೆಂಟರ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಗಾಲಿಯ ಮೇಲ್ತುದಿ ಮತ್ತು ಕೆಳತುದಿಯನ್ನು ಹಿಡಿದು ಪಕ್ಕಕ್ಕೆ ಅಲುಗಾಡಿಸಿರಿ. ‘ಟಕ್’ ಎಂಬ ಅಲುಗಾಟವಿದ್ದರೆ ಬೇರಿಂಗ್ ಸವೆದಿರುವ ಸಾಧ್ಯತೆಯಿದೆ.
2. ಇನ್ನೊಬ್ಬರು ಸ್ವಿಂಗ್ ಆರ್ಮ್ ಅನ್ನು ಬಿಗಿಯಾಗಿ ಹಿಡಿದಿರುವಾಗ ಪುನಃ ಅಲುಗಾಡಿಸಿರಿ. ಅಲುಗಾಟ ನಿಂತರೆ ದೋಷವು ಸ್ವಿಂಗ್ ಆರ್ಮ್ ಬುಷ್‌ನಲ್ಲಿದೆ. ನಿಲ್ಲದಿದ್ದರೆ ಗಾಲಿ ಬೇರಿಂಗ್‌ನಲ್ಲಿದೆ.
3. ಮುಂಗಾಲಿಯಲ್ಲಾದರೆ ಹ್ಯಾಂಡಲ್‌ನ ಕೋನ್ ಸೆಟ್ ಸಡಿಲವಾಗಿದ್ದರೂ ಇದೇ ರೀತಿ ತೋರುತ್ತದೆ. ಮುಂದಿನ ಬ್ರೇಕ್ ಹಿಡಿದು ವಾಹನವನ್ನು ಹಿಂದೆಮುಂದೆ ತಳ್ಳಿ, ಹ್ಯಾಂಡಲ್ ಬುಡದಲ್ಲಿ ಸದ್ದಿದೆಯೇ ಎಂದು ಗಮನಿಸಿರಿ.
4. ಪಂಕ್ಚರ್ ಹಾಕಿಸಲು ಗಾಲಿ ಬಿಚ್ಚಿದಾಗಲೆಲ್ಲ ಬೆರಳಿನಿಂದ ಒಳ ರೇಸ್ ತಿರುಗಿಸಿ ನೋಡಿರಿ. ಒರಟು, ತಡೆತಡೆದು ತಿರುಗುವಿಕೆ ಅಥವಾ ಮರಳು ಸಿಕ್ಕಿದಂತಹ ಅನುಭವವಾದರೆ ಬದಲಾಯಿಸಬೇಕು.

ಕಳಚಿದ ಬೇರಿಂಗ್‌ನಿಂದ ಕಾರಣ ತಿಳಿಯುವುದು

ಕಳಚಿದ ಹಳೆಯ ಬೇರಿಂಗನ್ನು ಎಸೆಯಬಾರದು. ಕಾರಣದ ಮುಖ್ಯ ಸಾಕ್ಷ್ಯ ಅದರಲ್ಲೇ ಉಳಿದಿರುತ್ತದೆ. ಅದು ಎಡಬದಿಯದೋ ಬಲಬದಿಯದೋ ಎಂದು ಗುರುತು ಮಾಡಿ, ಸೀಲ್ ತೆಗೆದು, ಸೀಮೆಎಣ್ಣೆಯಿಂದ ತೊಳೆಯುವ ಮುನ್ನವೇ ಗ್ರೀಸ್‌ನ ಸ್ಥಿತಿಯನ್ನು ಗಮನಿಸಬೇಕು.

- ಗ್ರೀಸ್ ಹಾಲಿನಂತೆ ಬಿಳುಪಾಗಿರುವುದು, ಕೆಂಪು ತುಕ್ಕು: ನೀರು ಒಳಸೇರಿದೆ.
- ಗ್ರೀಸ್ ಒಣಗಿ ಗಟ್ಟಿಯಾಗಿದ್ದು, ರೇಸ್ ನೀಲಿ ಅಥವಾ ಕಂದು ಬಣ್ಣಕ್ಕೆ ತಿರುಗಿರುವುದು: ಅತಿ ಶಾಖ, ಗ್ರೀಸ್ ಕೊರತೆ ಅಥವಾ ಅತಿ ಬಿಗಿ.
- ಗುಂಡುಗಳ ಅಂತರಕ್ಕೆ ಸರಿಯಾಗಿ ಸಾಲಾಗಿ ಮೂಡಿದ ಸಣ್ಣ ಕುಳಿಗಳು: ಅಳವಡಿಸುವಾಗ ಸುತ್ತಿಗೆಯ ಏಟು ಅಥವಾ ಗುಂಡಿಗೆ ಬಿದ್ದ ತೀವ್ರ ಹೊಡೆತ.
- ಗುಂಡುಗಳು ಓಡಿದ ಜಾಡು ತೋಡಿನ ಮಧ್ಯದಲ್ಲಿರದೆ ಒಂದು ಅಂಚಿಗೆ ಸರಿದಿರುವುದು: ಪಕ್ಕದ ಒತ್ತಡ, ಸ್ಪೇಸರ್ ದೋಷ.
- ಹೊರ ರೇಸ್‌ನ ಹೊರಮೈ ಕನ್ನಡಿಯಂತೆ ಹೊಳೆಯುವುದು, ಹಬ್‌ನಲ್ಲಿ ಕಪ್ಪು ಪುಡಿ: ಹಬ್ ಸವೆದು ಬೇರಿಂಗ್ ಅದರೊಳಗೇ ತಿರುಗುತ್ತಿದೆ.
- ರೇಸ್‌ನ ಮೇಲ್ಮೈ ಚಕ್ಕೆಯೆದ್ದಿರುವುದು: ಲೋಹದ ದಣಿವು, ಅಲ್ಪಾವಧಿಯಲ್ಲೇ ಕಂಡರೆ ಅತಿಭಾರ.

ಪುನರಾವರ್ತನೆಗೆ ಮುಖ್ಯ ಕಾರಣಗಳು ಮತ್ತು ಪರಿಹಾರ

1. ಅತಿಭಾರ

ಗುಂಡಿನ ಬೇರಿಂಗ್‌ನ ಬಾಳಿಕೆಯು ಹೊರೆಯ ಘನಕ್ಕೆ ವಿಲೋಮವಾಗಿರುತ್ತದೆ. ಬೇರಿಂಗ್ ಮೇಲಿನ ಹೊರೆ ಕಾಲುಭಾಗ ಹೆಚ್ಚಿದರೆ ಬಾಳಿಕೆ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಒಂದೂವರೆ ಪಟ್ಟಾದರೆ ಮೂರನೆಯ ಒಂದು ಭಾಗಕ್ಕಿಂತ ಕಡಿಮೆಯಾಗುತ್ತದೆ. ಎರಡು ಪಟ್ಟಾದರೆ ಎಂಟನೆಯ ಒಂದು ಭಾಗ ಮಾತ್ರ ಉಳಿಯುತ್ತದೆ.

ಉದಾಹರಣೆಗೆ, 40 ಲೀಟರಿನ ಎರಡು ಕ್ಯಾನ್‌ಗಳಲ್ಲಿನ ಹಾಲಿನ ತೂಕವೇ ಸುಮಾರು 82 ಕಿ.ಗ್ರಾಂ. ಸವಾರನ 65 ಕಿ.ಗ್ರಾಂ. ಸೇರಿದರೆ, ಕ್ಯಾನ್‌ಗಳ ತೂಕ ಬಿಟ್ಟೂ 147 ಕಿ.ಗ್ರಾಂ. ಆಗುತ್ತದೆ. 100 ಸಿಸಿ ವರ್ಗದ ಅನೇಕ ವಾಹನಗಳಿಗೆ ಸವಾರನೂ ಸೇರಿ ಅನುಮತಿಸಿದ ಹೊರೆ ಸುಮಾರು 130 ಕಿ.ಗ್ರಾಂ. ಮಾತ್ರ. ಹೊರೆಯು ಹಿಂದಿನ ಆಕ್ಸಲ್‌ಗಿಂತ ಹಿಂದಕ್ಕೆ ಚಾಚಿಕೊಂಡಿದ್ದರೆ ಹಿಂಗಾಲಿಯ ಮೇಲೆ ಹೊರೆಯ ತೂಕಕ್ಕಿಂತಲೂ ಹೆಚ್ಚಿನ ಭಾರ ಬೀಳುತ್ತದೆ.

ಪರಿಹಾರ: ಕೈಪಿಡಿಯಲ್ಲಿನ ಮಿತಿಯನ್ನು ಪಾಲಿಸಬೇಕು, ಹೊರೆಯನ್ನು ಆಕ್ಸಲ್‌ನ ಮುಂದಕ್ಕೆ, ಎರಡೂ ಬದಿ ಸಮನಾಗಿ ಕಟ್ಟಬೇಕು. ದಿನವೂ ಮಿತಿ ಮೀರುವ ಉತ್ಪನ್ನವಿದ್ದಲ್ಲಿ ನೆರೆಯ ರೈತರೊಡನೆ ಸೇರಿ ಸರಕು ಆಟೊ ಗೊತ್ತುಮಾಡಿಕೊಳ್ಳುವುದು ಲಾಭದಾಯಕ.

2. ನೀರು, ಸಗಣಿ ಮತ್ತು ಗೊಬ್ಬರ

ಮಳೆಗಾಲದಲ್ಲಿ ಕೆಳಸೇತುವೆ ಹಾಗೂ ತಗ್ಗು ರಸ್ತೆಗಳಲ್ಲಿ ನಿಂತ ನೀರು ಆಕ್ಸಲ್ ಮಟ್ಟಕ್ಕೆ ಬರುತ್ತದೆ. ಸಿಗ್ನಲ್‌ಗಳಲ್ಲಿ ಪದೇ ಪದೇ ಬ್ರೇಕ್ ಹಿಡಿದು ಬಿಸಿಯಾದ ಹಬ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ, ಸವೆದ ಸೀಲಿನ ಮೂಲಕ ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಸಗಣಿ, ಗಂಜಲ ಮತ್ತು ಯೂರಿಯಾ, ಪೊಟ್ಯಾಷ್‌ನಂತಹ ಗೊಬ್ಬರಗಳ ಉಳಿಕೆ ತುಕ್ಕನ್ನು ತ್ವರಿತಗೊಳಿಸುತ್ತವೆ.

ಪರಿಹಾರ: ಬೇರಿಂಗ್ ಬದಲಿಸುವಾಗಲೆಲ್ಲ ಆಯಿಲ್ ಸೀಲನ್ನೂ ಬದಲಿಸಬೇಕು. ಸೀಲ್ ಕೂರುವ ಕಾಲರ್‌ನಲ್ಲಿ ಉಗುರಿಗೆ ತಾಗುವಷ್ಟು ಗೀರು ಬಿದ್ದಿದ್ದರೆ ಕಾಲರನ್ನೂ ಬದಲಿಸಬೇಕು. ಅಧಿಕ ಒತ್ತಡದ ನೀರನ್ನು ನೇರವಾಗಿ ಹಬ್‌ಗೆ ಹಾಯಿಸಬಾರದು. ವಾಹನವನ್ನು ಕೆರೆಗೆ ಇಳಿಸಿ ತೊಳೆಯಬಾರದು.

3. ಸ್ಪೇಸರ್ ಇಲ್ಲದಿರುವುದು ಅಥವಾ ಗಿಡ್ಡದಾಗಿರುವುದು

ಹಬ್‌ನೊಳಗೆ ಎರಡು ಬೇರಿಂಗ್‌ಗಳ ಒಳ ರೇಸ್‌ಗಳ ನಡುವೆ ಸ್ಪೇಸರ್ ಪೈಪ್ ಇರುತ್ತದೆ. ಆಕ್ಸಲ್ ನಟ್ಟಿನ ಬಿಗಿತವನ್ನು ಹೊರುವುದು ಈ ಪೈಪೇ. ಇದು ತುದಿಯಲ್ಲಿ ಸವೆದು ಗಿಡ್ಡವಾಗಿದ್ದರೆ ನಟ್ ಬಿಗಿಸಿದಂತೆಲ್ಲ ಒಳ ರೇಸ್‌ಗಳು ಪರಸ್ಪರ ಹತ್ತಿರ ಸರಿದು ಗುಂಡುಗಳು ಪಕ್ಕಕ್ಕೆ ಒತ್ತಲ್ಪಡುತ್ತವೆ. ಹೊಸ ಬೇರಿಂಗ್ ಸಹ ಅಲ್ಪಕಾಲದಲ್ಲೇ ಕೆಡುತ್ತದೆ. ಪಂಕ್ಚರ್ ಹಾಕಿದ ನಂತರ ಹೊರಬದಿಯ ಕಾಲರ್‌ಗಳು ಅದಲುಬದಲಾಗುವುದೂ ಸಾಮಾನ್ಯ.

ಪರಿಹಾರ: ಆಕ್ಸಲ್ ನಟ್ ಸಡಿಲವಿರುವಾಗ ಹಗುರವಾಗಿ ತಿರುಗುವ ಗಾಲಿಯು ನಟ್ ಬಿಗಿಸಿದ ಕೂಡಲೇ ಬಿಗಿದರೆ ಸ್ಪೇಸರ್ ಉದ್ದವನ್ನು ಪರೀಕ್ಷಿಸಿ ಬದಲಿಸಬೇಕು. ನಟ್ ಸಡಿಲ ಬಿಟ್ಟು ಗಾಲಿ ತಿರುಗುವಂತೆ ಮಾಡುವುದು ಪರಿಹಾರವಲ್ಲ, ಅಪಾಯಕಾರಿ.

4. ಸವೆದ ಹಬ್

ಹೊಸ ಬೇರಿಂಗ್ ಕೈಯಿಂದ ಒತ್ತಿದ ಮಾತ್ರಕ್ಕೆ ಹಬ್‌ನೊಳಗೆ ಇಳಿದರೆ ಹಬ್ ಸವೆದಿದೆ ಎಂದರ್ಥ. ಹಬ್‌ನ ಒಳಮೈಗೆ ಪಂಚ್‌ನಿಂದ ಚುಕ್ಕಿ ಹೊಡೆಯುವುದು ಅಥವಾ ತಗಡಿನ ಚೂರು ಸೇರಿಸುವುದು ರೂಢಿಯಲ್ಲಿದೆ. ಇದರಿಂದ ಬೇರಿಂಗ್ ಓರೆಯಾಗಿ ಕೂರುತ್ತದೆ. ಪುನರಾವರ್ತನೆಗೆ ಇದೇ ಕಾರಣವಾಗುತ್ತದೆ.

ಪರಿಹಾರ: ಲೇತ್ ಯಂತ್ರದಲ್ಲಿ ಹಬ್ ಕೊರೆಸಿ ಬುಷ್ ಕೂರಿಸುವುದು ಅಥವಾ ಹಬ್ ಬದಲಿಸುವುದು.

5. ಚೈನ್‌ನ ಅತಿ ಬಿಗಿತ

ಸ್ಪ್ರಾಕೆಟ್ ಬದಿಯ ಬೇರಿಂಗ್ ಮಾತ್ರ ಕೆಡುತ್ತಿದ್ದರೆ ಚೈನ್ ಮತ್ತು ಕಪ್ಲಿಂಗ್ ರಬ್ಬರ್‌ಗಳನ್ನು ಪರಿಶೀಲಿಸಬೇಕು. ಹೊರೆ ಹೇರಿದಾಗ ಸ್ವಿಂಗ್ ಆರ್ಮ್ ಮೇಲೇರಿ ಚೈನ್ ಇನ್ನಷ್ಟು ಬಿಗಿಯಾಗುತ್ತದೆ. ಖಾಲಿ ವಾಹನದಲ್ಲಿ ಸರಿಯೆನಿಸಿದ ಬಿಗಿತ ಹೊರೆಯಲ್ಲಿ ಅತಿಯಾಗಬಹುದು.

ಪರಿಹಾರ: ಚೈನ್‌ನ ಸಡಿಲವನ್ನು ಕೈಪಿಡಿಯಂತೆ (ಅನೇಕ ವಾಹನಗಳಲ್ಲಿ 20ರಿಂದ 30 ಮಿ.ಮೀ.) ಹೊಂದಿಸಿ, ಹೊರೆ ಹೇರಿದ ನಂತರ ಪೂರ್ಣ ಬಿಗಿದಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಎರಡೂ ಬದಿಯ ಅಡ್ಜಸ್ಟರ್ ಗುರುತುಗಳು ಸಮನಾಗಿರಬೇಕು.

ಬೇರಿಂಗ್ ಅಳವಡಿಸುವ ಕ್ರಮ

1. ಹಬ್‌ನ ಒಳಭಾಗವನ್ನು ಶುಚಿಗೊಳಿಸಿ, ಆಕ್ಸಲ್ ಬಾಗಿದೆಯೇ ಎಂದು ಸಮತಟ್ಟಾದ ಗಾಜಿನ ಮೇಲೆ ಉರುಳಿಸಿ ನೋಡಿರಿ.
2. ಹೊಸ ಬೇರಿಂಗನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಕೆಲವು ಗಂಟೆ ಫ್ರೀಜರ್‌ನಲ್ಲಿಡಿರಿ. ಅಲ್ಯೂಮಿನಿಯಂ ಹಬ್‌ನ ಹೊರಭಾಗವನ್ನು ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯಿಂದ ಬಿಸಿಮಾಡಿ, ಒಳಭಾಗ ಒದ್ದೆಯಾಗಿದ್ದರೆ ಒರೆಸಿರಿ. ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡರಷ್ಟು ಹಿಗ್ಗುವುದರಿಂದ ಬೇರಿಂಗ್ ಸುಲಭವಾಗಿ ಕೂರುತ್ತದೆ. ಗ್ಯಾಸ್ ಜ್ವಾಲೆ ಬಳಸಬಾರದು.
3. ಹೊರ ರೇಸ್‌ನಷ್ಟೇ ವ್ಯಾಸದ ಪೈಪ್ ಅಥವಾ ಸಾಕೆಟ್ ಇಟ್ಟು, ಹೊರ ರೇಸ್ ಮೇಲೆ ಮಾತ್ರ ಬಲ ಬೀಳುವಂತೆ ನೇರವಾಗಿ ಕೂರಿಸಿರಿ. ಒಳ ರೇಸ್‌ಗೆ ಹೊಡೆದರೆ ಆ ಏಟು ಗುಂಡುಗಳ ಮೂಲಕ ಹಾದು ರೇಸ್‌ನಲ್ಲಿ ಕುಳಿ ಬೀಳುತ್ತದೆ.
4. ಕೈಪಿಡಿಯಲ್ಲಿ ಸೂಚಿಸಿದ ಬದಿಯ ಬೇರಿಂಗನ್ನು ಮೊದಲು ಪೂರ್ಣವಾಗಿ ಕೂರಿಸಿ, ಸ್ಪೇಸರ್ ಇಟ್ಟು, ಎರಡನೆಯದನ್ನು ಅದರ ಒಳ ರೇಸ್ ಸ್ಪೇಸರ್‌ಗೆ ತಾಗುವವರೆಗೆ ಮಾತ್ರ ಇಳಿಸಿರಿ.
5. ಒಂದು ಬದಿಯದು ಕೆಟ್ಟಿದ್ದರೂ ಎರಡೂ ಬದಿಯ ಬೇರಿಂಗ್ ಬದಲಿಸುವುದು ಸೂಕ್ತ.
6. ಎರಡೂ ಬದಿ ಸೀಲ್ ಇರುವ ಬೇರಿಂಗ್‌ಗೆ ಪ್ರತ್ಯೇಕ ಗ್ರೀಸ್ ಬೇಕಿಲ್ಲ. ತೆರೆದ ಬೇರಿಂಗ್‌ಗೆ ಲಿಥಿಯಂ ಗ್ರೀಸನ್ನು ಖಾಲಿ ಜಾಗದ ಮೂರನೆಯ ಒಂದು ಭಾಗದಿಂದ ಅರ್ಧದವರೆಗೆ ತುಂಬಿರಿ. ಬೇರೆ ಬಗೆಯ ಗ್ರೀಸ್ ಬೆರೆಸಬಾರದು.
7. ಆಕ್ಸಲ್ ನಟ್ಟನ್ನು ಟಾರ್ಕ್ ರೆಂಚ್‌ನಿಂದ ಕೈಪಿಡಿಯ ಪ್ರಮಾಣದಷ್ಟೇ ಬಿಗಿಗೊಳಿಸಿರಿ.

ಖರೀದಿಯಲ್ಲಿ ಎಚ್ಚರಿಕೆ

ಶಿವಾಜಿನಗರದ ಗುಜರಿಯಲ್ಲಿ ದೊರೆಯುವ ಹಳೆಯ ಹಬ್, ಕಾಲರ್ ಅಥವಾ ಗಾಲಿಯನ್ನು ಅಳತೆ ನೋಡಿ ಕೊಳ್ಳಬಹುದು. ಆದರೆ ಬಳಸಿದ ಬೇರಿಂಗನ್ನು ಎಂದಿಗೂ ಕೊಳ್ಳಬಾರದು. ಹೊರನೋಟಕ್ಕೆ ಅದರ ಸವೆತ ತಿಳಿಯುವುದಿಲ್ಲ. ಹೊಸ ಬೇರಿಂಗನ್ನು ಅಧಿಕೃತ ಮಾರಾಟಗಾರರಿಂದ ರಸೀದಿಯೊಂದಿಗೆ, ಮೊಹರು ಒಡೆಯದ ಪೊಟ್ಟಣದಲ್ಲಿ ಪಡೆಯಬೇಕು. ಪೊಟ್ಟಣದ ಮೇಲಿನ ಸಂಖ್ಯೆ ಮತ್ತು ಬೇರಿಂಗ್ ಮೇಲಿನ ಸಂಖ್ಯೆ ಒಂದೇ ಆಗಿರಬೇಕು.

ವಿಸ್ತರಣಾ ಕಾರ್ಯಕರ್ತರಿಗೆ ಸೂಚನೆಗಳು

- ಹಾಲು ಉತ್ಪಾದಕರ ಸಂಘ ಮತ್ತು ರೈತ ಗುಂಪುಗಳ ಸಭೆಗಳಲ್ಲಿ ಗಾಲಿ ಅಲುಗಾಡಿಸುವ ಪರೀಕ್ಷೆಯ ಪ್ರಾತ್ಯಕ್ಷಿಕೆ ನೀಡಬೇಕು. ಮಳೆಗಾಲದ ಮೊದಲು ಮತ್ತು ಹಿಂಗಾರು ಮುಗಿದ ನಂತರ ಇದು ವಿಶೇಷವಾಗಿ ಉಪಯುಕ್ತ.
- ಬೇರಿಂಗ್ ಬದಲಿಸಿದ ದಿನಾಂಕ, ಓಡಿದ ಕಿಲೋಮೀಟರ್, ಸಂಖ್ಯೆ, ಬದಿ ಹಾಗೂ ಹಳೆಯ ಬೇರಿಂಗ್‌ನಲ್ಲಿ ಕಂಡ ಗುರುತು, ಈ ಐದು ವಿವರಗಳನ್ನು ಬರೆದಿಡುವಂತೆ ರೈತರನ್ನು ಪ್ರೇರೇಪಿಸಬೇಕು. ಎರಡನೆಯ ಬಾರಿ ಕೆಟ್ಟಾಗ ಈ ದಾಖಲೆಯೇ ಕಾರಣವನ್ನು ತೋರಿಸುತ್ತದೆ.
- ಗ್ರಾಮದ ಮೆಕ್ಯಾನಿಕ್‌ಗಳನ್ನೂ ತರಬೇತಿಗೆ ಆಹ್ವಾನಿಸಬೇಕು. ಬೇರಿಂಗ್ ಪುಲ್ಲರ್ ಮತ್ತು ಟಾರ್ಕ್ ರೆಂಚ್‌ಗಳನ್ನು ಸಂಘದ ವತಿಯಿಂದ ಸಾಮೂಹಿಕವಾಗಿ ಕೊಂಡಿಟ್ಟುಕೊಳ್ಳಬಹುದು.

ಗಮನಿಸಿ: ಗಾಲಿಯಲ್ಲಿ ಸ್ಪಷ್ಟ ಅಲುಗಾಟ ಕಂಡುಬಂದ ವಾಹನದಲ್ಲಿ ಹೊರೆ ಸಾಗಿಸಬಾರದು. ‘ಮಾರುಕಟ್ಟೆಗೆ ಹೋಗಿ ಬಂದ ಮೇಲೆ ನೋಡೋಣ’ ಎಂಬ ವಿಳಂಬದಿಂದ ಬೇರಿಂಗ್ ಜೊತೆಗೆ ಅದಕ್ಕಿಂತ ಬಹುಪಾಲು ದುಬಾರಿಯಾದ ಹಬ್ ಮತ್ತು ಆಕ್ಸಲ್ ಕೂಡ ಹಾಳಾಗುತ್ತವೆ.